ಕೂಲಿ ಬೇರೆ, ಆಮಿಷ ಬೇರೆ



ಕಳೆದ ಶ್ರಾವಣದ ದಾಸೋಹದಲ್ಲಿ ಬಡಿಸುವ ಕೈಗಳು ಸಾಲದೆ ಪಂಕ್ತಿ ತಡವಾಯಿತು. ಮುದುಕರು, ಮಕ್ಕಳು ಬಿಸಿಲಿನಲ್ಲಿ ಕಾಯಬೇಕಾಯಿತು. ಇದರ ಹಿಂದಿನ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಮೂರು ವರ್ಷಗಳ ಹಿಂದೆ, ಹುಡುಗರಿಗೆ ಹುರುಪು ಬರಲೆಂದು ಸೇವೆಗೆ ಬಂದವರಿಗೆಲ್ಲ ಒಂದು ಶಾಲು, ಒಂದು ಸ್ಟೀಲಿನ ಡಬ್ಬಿ ಕೊಡುವುದಾಗಿ ನಾವೇ ಸಾರಿದೆವು. ಎರಡು ವರ್ಷ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಿಂದಲೂ ಹುಡುಗರು ಮುಗಿಬಿದ್ದು ಬಂದರು. ಈ ಸಲ ಜಮಾಖರ್ಚು ಹೊಂದದೆ ಅದನ್ನು ನಿಲ್ಲಿಸಿದೆವು. ಆಗ ಹೊಸಬರಷ್ಟೇ ಅಲ್ಲ, ಮೊದಲು ಏನೂ ಇಲ್ಲದೆ ಬರುತ್ತಿದ್ದವರೂ ಬರಲಿಲ್ಲ. ಈಗಿನ ಹುಡುಗರು ಕೆಟ್ಟರೆಂದು ಕೆಲವು ಹಿರಿಯರು ಬೇಸರಪಟ್ಟರು. ಕೆಟ್ಟವರು ಹುಡುಗರೋ, ಕೆಡಿಸಿದವರು ನಾವೋ?

ಮನುಷ್ಯನನ್ನು ದುಡಿಮೆಗೆ ಹಚ್ಚುವುದು ಯಾವುದು ಎಂಬುದು ಹಳೆಯ ಪ್ರಶ್ನೆ. ಬಿ.ಕಾಂ. ಓದುವಾಗ ಅಮೇರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ ಅವರು 1943ರಲ್ಲಿ ಮಂಡಿಸಿದ ವಿಚಾರವನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಮೊದಲು ಹಸಿವು, ನೀರಡಿಕೆ, ಆಮೇಲೆ ಭದ್ರತೆ, ಆಮೇಲೆ ನಮ್ಮವರೆಂಬ ಪ್ರೀತಿ, ಆಮೇಲೆ ನಾಲ್ಕು ಜನರಲ್ಲಿ ಮಾನ, ಕೊನೆಗೆ ತನ್ನೊಳಗಿನ ಶಕ್ತಿಯನ್ನೆಲ್ಲ ಅರಳಿಸಿಕೊಳ್ಳುವ ಬಯಕೆ. ಕೆಳಗಿನದು ತಕ್ಕಮಟ್ಟಿಗೆ ತೀರಿದ ಮೇಲೆ ಮೇಲಿನದು ಎಚ್ಚರಗೊಳ್ಳುತ್ತದೆ ಎಂಬುದು ಅದರ ಸಾರ. ಎಲ್ಲರಲ್ಲೂ ಇದೇ ಕ್ರಮ ಇರುವುದಿಲ್ಲವೆಂದೂ ಅವರೇ ಹೇಳಿದ್ದರು.

ಹಸಿವಿನ ಮಾತು ನಮ್ಮ ಭಾಗದವರಿಗೆ ಪುಸ್ತಕದಿಂದ ತಿಳಿಯಬೇಕಾದದ್ದಲ್ಲ. 1972ರ ಬರಗಾಲದಲ್ಲಿ ಹೊಲವಿದ್ದ ರೈತರೂ ಸರಕಾರದ ಕಾಮಗಾರಿಗೆ ಹೋಗಿ ಖಡಿ ಒಡೆದರು. ಆ ದಿನಗಳನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹಸಿದವನ ಮುಂದೆ ನಿಷ್ಕಾಮದ ಉಪದೇಶ ಮಾಡುವುದು ಧರ್ಮವಲ್ಲ, ನಿರ್ದಯೆ.

ಆದರೆ ಹಸಿವು ತೀರಿದ ಮೇಲೂ ಕೈ ಚಾಚುತ್ತಲೇ ಇದ್ದರೆ? ಆಯ್ದಕ್ಕಿ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಗಂಡನನ್ನು ತಡೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದ ಕಥೆ ನಮಗೆಲ್ಲ ಗೊತ್ತು. ಅಂದಿನ ಊಟಕ್ಕೆ ಬೇಕಾದದ್ದು ಯಾವುದು, ಆಸೆ ಯಾವುದು ಎಂಬ ಗೆರೆಯನ್ನು ಆ ತಾಯಿ ಅಡುಗೆಮನೆಯಲ್ಲಿಯೇ ಎಳೆದಳು.

ಇನ್ನು ಬಹುಮಾನದ ಮಾತು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ವಿದ್ವಾಂಸರು ಅಮೇರಿಕದ ಶಿಶುವಿಹಾರವೊಂದರಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮೊದಲೇ ಚಿತ್ರ ಬರೆಯುವ ಹವ್ಯಾಸವಿದ್ದ ಮಕ್ಕಳನ್ನು ಆರಿಸಿ, ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬರೆದರೆ ರಿಬ್ಬನ್ ಹಚ್ಚಿದ ಪ್ರಶಸ್ತಿಪತ್ರ ಕೊಡುವೆವೆಂದು ಮುಂಚೆಯೇ ಹೇಳಿದರು. ಎರಡನೆಯದಕ್ಕೆ ಏನೂ ಹೇಳದೆ, ಬರೆದ ಮೇಲೆ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಆಸೆ ತೋರಿಸಿದ್ದ ಗುಂಪಿನ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಆಟವಾಗಿದ್ದದ್ದು ಅವರಿಗೆ ಸಂಪಾದನೆಯಾಗಿತ್ತು. ಸಂಪಾದನೆ ನಿಂತಿತು, ಆಟವೂ ಸಪ್ಪೆಯಾಯಿತು. ಕೇಳದೆ ಪ್ರಶಸ್ತಿ ಪಡೆದ ಮಕ್ಕಳ ಉತ್ಸಾಹ ಮಾತ್ರ ಕುಂದಿರಲಿಲ್ಲ.

ನಮ್ಮ ಶಾಲು, ಡಬ್ಬಿಗಳು ಮಾಡಿದ್ದೂ ಇದನ್ನೇ ಎಂದು ನಮಗೆ ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಆ ಪ್ರಯೋಗ ಮನಸಾರೆ ಮಾಡುತ್ತಿದ್ದ ಕೆಲಸಕ್ಕೆ ಸಂಬಂಧಿಸಿದ್ದು, ಹೊಟ್ಟೆಪಾಡಿನ ಕೆಲಸಕ್ಕಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲನಿಗೆ, ಹೊಲದಲ್ಲಿ ಕಳೆ ತೆಗೆಯುವ ತಾಯಿಗೆ ಕಾಯಕದ ಮಹಿಮೆ ಹೇಳಿ ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿದುಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ಇದು ಶರಣರ ಮಾತಿಗೆ ಮಾಡುವ ದ್ರೋಹ. ಕೂಲಿ ಎಂಬುದು ದುಡಿದವನ ಹಕ್ಕು. ಅದನ್ನು ಕೊಡುವುದು ಋಣ ತೀರಿಸಿದಂತೆ. ಆಮಿಷವಾದರೋ ಮನುಷ್ಯನೊಳಗೆ ಇರುವ ಒಳ್ಳೆಯದನ್ನು ನಂಬದೆ ಹಾಕುವ ಗಾಳ.

ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯೋಣ. ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಕರ್ಮಯೋಗಿ ಎನಿಸಿದರು. ಆದರೂ ಅಲ್ಲಮಪ್ರಭುಗಳು ಬಂದು ಅವರನ್ನು ಕೆಣಕಿದರು. ಕೆರೆ ಬೇಡವೆಂದಲ್ಲ; ಕಟ್ಟಿದವನು ನಾನು ಎಂಬ ಭಾವ ಒಳಗೆ ಉಳಿದಿದ್ದರೆ ಅದೂ ಒಂದು ಕೂಲಿಯೇ ಎಂದು ತೋರಿಸಲು, ಎಂದು ನಾವು ತಿಳಿಯುತ್ತೇವೆ. ಇಂದಿಗೂ ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಗಡ್ಡದ ಜಾತ್ರೆಗೆ ಬಿಳಿ ಬಾರಾಬಂದಿ ತೊಟ್ಟ ಭಕ್ತರು ಏಳು ನಂದಿಧ್ವಜಗಳನ್ನು ಹೊತ್ತು ಅರವತ್ತೆಂಟು ಲಿಂಗಗಳ ಪ್ರದಕ್ಷಿಣೆ ಮಾಡುತ್ತಾರೆ. ಆ ಭಾರಕ್ಕೆ ಹೆಗಲು ಕೊಡಲು ಡಬ್ಬಿ ಕೊಡುವೆನೆಂದು ಯಾರಾದರೂ ಹೇಳಿದರೆ ಅವರಿಗೆ ಅವಮಾನವಾದೀತು. ಅಪ್ಪ ಹೊತ್ತದ್ದನ್ನು ಮಗ ನೋಡಿದ್ದಾನೆ. ಅವನಿಗೆ ಅಷ್ಟೇ ಸಾಕು.

ಹೆಸರಿನ ಆಸೆಯಿಂದ ನಾವೂ ಮುಕ್ತರಲ್ಲ. ಈ ಪತ್ರಿಕೆಯಲ್ಲಿ ನಮ್ಮ ಹೆಸರು ಅಚ್ಚಾದರೆ ಎರಡು ಸಲ ಓದಿಕೊಳ್ಳುತ್ತೇವೆ. ಆದ್ದರಿಂದ ಹುಡುಗರನ್ನು ದೂರುವ ಹಕ್ಕು ನಮಗಿಲ್ಲ.

ಬರುವ ದಾಸೋಹಕ್ಕೆ ಶಾಲು, ಡಬ್ಬಿ ಇರುವುದಿಲ್ಲ. ಆದರೆ ದಿನಗೂಲಿ ಬಿಟ್ಟು ಬರುವ ಬಡವರಿಗೆ ಅಂದಿನ ಕೂಲಿಯನ್ನು ಸದ್ದಿಲ್ಲದೆ ಮುಟ್ಟಿಸಲು ಪೂಜ್ಯರ ಅಪ್ಪಣೆ ಕೇಳಿದ್ದೇವೆ. ಉಳಿದವರನ್ನು ಕರೆಯಲು ನಮ್ಮಲ್ಲಿ ಒಂದೇ ಉಪಾಯವಿದೆ. ಅಂದು ನಾವು, ಹಿರಿಯರು, ಅಡತಿ ಅಂಗಡಿಯ ಮಾಲೀಕರು ಮೊದಲು ಸೌಟು ಹಿಡಿಯೋಣ. ನಮ್ಮ ಮಕ್ಕಳು ನೋಡಲಿ.

ಇಂತು ತಮ್ಮ ಸೇವೆಯಲ್ಲಿ,
ಕಾರ್ಯದರ್ಶಿಗಳು