ಗೌಡಿಕೆ ಹೋಯಿತು, ಗೌಡ ಉಳಿಯಿತು

ಹಳೇ ಮೈಸೂರಿನ ಕಡೆ ಹೆಸರಿನ ಕೊನೆಗೆ ‘ಗೌಡ’ ಎಂದಿದ್ದರೆ ಒಕ್ಕಲಿಗರೆಂದು ತಿಳಿಯುವುದು ರೂಢಿ. ಈ ಹೆಸರು ಹುಟ್ಟಿನೊಡನೆ ಬಂದದ್ದು, ಕುಲದ್ದು ಎಂಬ ನಂಬಿಕೆಯೂ ಅದರ ಬೆನ್ನಿಗಿದೆ. ಶಾಸನಗಳನ್ನು ಓದಿದರೆ ಆ ನಂಬಿಕೆ ನಿಲ್ಲುವುದಿಲ್ಲ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಹೊಯ್ಸಳರ ಕಾಲದ ಕಲ್ಬರಹಗಳಲ್ಲಿ ಗಾವುಂಡನೆಂದರೆ, ಅಂದರೆ ಇಂದಿನ ಗೌಡನೆಂದರೆ, ಊರಿನ ಹೊಣೆ ಹೊತ್ತವನು: ತೆರಿಗೆ ಎತ್ತುವವನು, ದೇವಾಲಯಕ್ಕೂ ಕೆರೆಗೂ ಬಿಟ್ಟ ದಾನಕ್ಕೆ ಸಾಕ್ಷಿಯಾಗುವವನು, ತುರುಗಳನ್ನು ಬಿಡಿಸಿಕೊಳ್ಳಲು ಹೋರಾಡಿ ವೀರಗಲ್ಲಾಗುವವನು. 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತು ಎಂಬ ನಾಡಿನ ಗಾವುಂಡ, ಅಂದರೆ ನಾಳ್ಗಾವುಂಡ, ತೀರಿಕೊಂಡಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಜಿನಭಕ್ತೆಯಾದ ಆಕೆ ನಾಡನ್ನು ಆಳಿ, ಕೊನೆಗೆ ಬಂದಣಿಕೆಯಲ್ಲಿ ಸಲ್ಲೇಖನ ಎಂಬ ಉಪವಾಸ ವ್ರತದಿಂದ ದೇಹ ಬಿಟ್ಟಳು. ಆಕೆಗೆ ಗಾವುಂಡಿಕೆ ದಕ್ಕಿದ್ದು ಹುಟ್ಟಿನಿಂದಲ್ಲ. ನಾಡು ನಡೆಸಬಲ್ಲ ಯೋಗ್ಯತೆಯನ್ನು ಅರಸೊತ್ತಿಗೆ ಒಪ್ಪಿದ್ದರಿಂದ.

ಗೌಡಿಕೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತಲ್ಲ, ಅಂದಮೇಲೆ ಅದು ಜಾತಿಯೇ ಅಲ್ಲವೆ ಎಂದು ಕೇಳಬಹುದು. ವಂಶಪಾರಂಪರ್ಯ ನಿಜ. ಆದರೆ ಅದು ಒಂದು ಊರಿನ ಒಂದು ಮನೆತನದ ಹಕ್ಕು. ಆ ಮನೆತನದ ಜಾತಿಯವರೆಲ್ಲರಿಗೂ ಸಿಕ್ಕ ಹಕ್ಕಲ್ಲ. ಊರು ಬದಲಾದರೆ ಗೌಡಿಕೆ ಇದ್ದ ಮನೆತನದ ಜಾತಿಯೂ ಬೇರೆಯಾಗುತ್ತಿತ್ತು. ಮಂಡ್ಯದಲ್ಲಿ ಒಕ್ಕಲಿಗ ಗೌಡರು, ಧಾರವಾಡದ ಕಡೆ ಲಿಂಗಾಯತ ಗೌಡರು, ಕುರುಬ ಗೌಡರೂ ಉಂಟು. ಉತ್ತರ ಕನ್ನಡದ ಹಾಲಕ್ಕಿಗಳೂ ಗೌಡರೇ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಆ ಸಮುದಾಯದವರು. ಇದೇ ಕೆಲಸದ ಇನ್ನೊಂದು ಹೆಸರಾದ ‘ಪಾಟೀಲ’ವಂತೂ ಲಿಂಗಾಯತ, ಮರಾಠ, ಜೈನ, ಮುಸ್ಲಿಂ ಮನೆಗಳಲ್ಲೆಲ್ಲ ಇದೆ. ಮತಗಳನ್ನೇ ದಾಟಿದ ಹೆಸರನ್ನು ಒಂದು ಕುಲದ ಗುರುತು ಎನ್ನುವುದು ಹೇಗೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಧರ್ಮಶಾಸ್ತ್ರದ ಹೆಸರಿನಲ್ಲಿ ಬರುತ್ತದೆ: ಕಸುಬೇ ವರ್ಣವಾಯಿತು, ಪದವಿ ಜಾತಿಯಾದದ್ದೂ ಅದೇ ನಿಯಮದಂತೆ ಎಂದು. ಆದರೆ ಉಳುವ, ಕತ್ತಿ ಹಿಡಿಯುವ, ನ್ಯಾಯ ಹೇಳುವ ಮೂರೂ ಕೆಲಸ ಮಾಡಿದ ಗಾವುಂಡನನ್ನು ನಾಲ್ಕು ವರ್ಣಗಳಲ್ಲಿ ಎಲ್ಲಿ ಕೂರಿಸುವುದು? ಮನುಸ್ಮೃತಿಯ 7ನೆಯ ಅಧ್ಯಾಯ ಒಂದು ಗ್ರಾಮಕ್ಕೆ, ಹತ್ತು ಗ್ರಾಮಕ್ಕೆ, ಸಾವಿರ ಗ್ರಾಮಕ್ಕೆ ಅಧಿಪತಿಗಳನ್ನು ನೇಮಿಸೆಂದು ರಾಜನಿಗೆ ಹೇಳುತ್ತದೆ. ವರ್ಣದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಆ ಗ್ರಂಥವೂ ಅಲ್ಲಿ ಅಧಿಪತಿಯ ವರ್ಣವನ್ನು ಹೇಳುವುದಿಲ್ಲ. ಶಾಸ್ತ್ರ ಹಾಕದ ಗೆರೆಯನ್ನು ಶಾಸ್ತ್ರದ ಹೆಸರಿನಲ್ಲಿ ನಾವು ಎಳೆಯಬಾರದು.

ಗೆರೆ ದಪ್ಪವಾದದ್ದು ಇತ್ತೀಚೆಗೆ. ವಸಾಹತು ಕಾಲದ ಜನಗಣತಿ ಪ್ರತಿಯೊಬ್ಬರಿಗೂ ಒಂದು ಜಾತಿಯ ಕಾಲಂ ತೆರೆಯಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು, ಚದುರಿದ್ದ ಬೇಸಾಯಗಾರ ಪಂಗಡಗಳಿಗೆ ಶಿಕ್ಷಣದ ದಾರಿ ತೆರೆಯಿತು. ಆ ಒಗ್ಗಟ್ಟಿನ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ, ಸಂಘದ ಹಾಸ್ಟೆಲುಗಳಿಲ್ಲದೆ ಎಷ್ಟೋ ಹಳ್ಳಿ ಮಕ್ಕಳು ಓದುತ್ತಿರಲಿಲ್ಲ. ಆದರೆ ಗೌಡಿಕೆಯ ಇನ್ನೊಂದು ಹೆಸರಾದ ಪಟೇಲಿಕೆಯನ್ನೂ ಊರ ಲೆಕ್ಕ ಬರೆಯುವ ಶಾನುಭೋಗಿಕೆಯನ್ನೂ ರದ್ದುಮಾಡುವ 1961ರ ಕಾಯಿದೆ ಬಂದಮೇಲೆ ಹೆಸರಿನ ಹಿಂದಿದ್ದ ಕೆಲಸವೇ ಇಲ್ಲವಾಯಿತು. ಊರಿಗೆ ಉತ್ತರ ಕೊಡಬೇಕಾದ ಹೊಣೆ ಕಳಚಿತು, ಊರಿನ ಮೇಲಿದ್ದ ಮೇಲುಗೈಯ ನೆನಪು ಮಾತ್ರ ಹೆಸರಿಗೆ ಅಂಟಿಕೊಂಡಿತು. ಮದುವೆ ಮಾತುಕತೆಯಲ್ಲಿ, ಚುನಾವಣೆಯ ಟಿಕೆಟ್ ಹಂಚಿಕೆಯಲ್ಲಿ ಇಂದು ಚಲಾವಣೆಯಲ್ಲಿರುವುದು ಆ ನೆನಪೇ.