ವಿದ್ಯೆಗೆ ಒತ್ತೆ ಯಾವುದು?

ವಿದ್ಯೆಯೆಂಬುದು ಕಳ್ಳರ ಕೈಗೆ ಸಿಕ್ಕದ ಧನ, ದಾಯಾದಿಗಳು ಪಾಲು ಕೇಳಲಾರದ ಆಸ್ತಿ ಎಂದು ನಮ್ಮ ಹಿರಿಯರು ಹೊಗಳಿದರು. ಮಕ್ಕಳನ್ನು ಶಾಲೆಗೆ ಕಳುಹಿಸುವಾಗ ನಾವೂ ಆ ಮಾತನ್ನೇ ಹೇಳುತ್ತೇವೆ. ಆದರೆ ಸಾಲ ಕೊಡುವವನ ಗಾದಿಯ ಮೇಲೆ ಕುಳಿತು ಕೇಳಿದರೆ ಈ ಹೊಗಳಿಕೆಯೇ ದೂರಿನಂತೆ ಕೇಳಿಸುತ್ತದೆ. ಕಳ್ಳ ಕದಿಯಲಾರದ್ದನ್ನು ಅಮೀನನೂ ಜಫ್ತಿ ಮಾಡಲಾರ! ಮನೆಗೆ ಸಾಲ ಕೊಟ್ಟವನಿಗೆ ಮನೆ ಇದೆ; ಒಡವೆಯ ಮೇಲೆ ಕೊಟ್ಟವನಿಗೆ ಒಡವೆ ಇದೆ. ಓದಿಗೆ ಕೊಟ್ಟವನು ಏನನ್ನು ಹಿಡಿದುಕೊಳ್ಳಬೇಕು? ತಲೆಯೊಳಗೆ ಸೇರಿದ ತರ್ಕಶಾಸ್ತ್ರವನ್ನು ಹರಾಜು ಹಾಕುವಂತಿಲ್ಲ. ಆದ್ದರಿಂದ ಅವನು ವಿದ್ಯೆಯನ್ನು ಬಿಟ್ಟು ವಿದ್ಯಾವಂತನನ್ನೇ ಹಿಡಿಯುತ್ತಾನೆ. ಇದು ನ್ಯಾಯವೆ?

ಈ ಪ್ರಶ್ನೆ ನಿಚ್ಚಳವಾಗಿ ಕಾಣುವುದು ಅಮೆರಿಕದಲ್ಲಿ. ಅದರಲ್ಲಿಯೂ ಓದಿಗಾಗಿ ಹೊರದೇಶಕ್ಕೆ ಹೊರಡುವ ಅಲ್ಲಿಯ ಹುಡುಗ ಹುಡುಗಿಯರ ವಿಷಯದಲ್ಲಿ. ಅಮೆರಿಕಕ್ಕೆ ಓದಲು ಹೋಗುವವರನ್ನು ನಾವು ಬಲ್ಲೆವು. ಅಲ್ಲಿಂದ ಕೆನಡಾದ ಮೆಗಿಲ್‌ಗೋ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ಗೋ ಹೋಗುವವರೂ ಉಂಟು. ಮೈಸೂರಿನವರಾದ ನನ್ನ ಸ್ನೇಹಿತರೊಬ್ಬರು ನ್ಯೂಜೆರ್ಸಿಯಲ್ಲಿ ನೆಲೆಸಿ ಮೂವತ್ತು ವರ್ಷವಾಯಿತು. ಅಲ್ಲಿಯೇ ಹುಟ್ಟಿದ ಅವರ ಮಗಳು ತತ್ತ್ವಶಾಸ್ತ್ರ ಓದಲೆಂದು ಸೇಂಟ್ ಆಂಡ್ರ್ಯೂಸ್‌ಗೆ ಹೋದಳು.

ಅಂಥವರ ಲೆಕ್ಕ ಹೀಗಿರುತ್ತದೆ: ಹೊರದೇಶದವರಿಗೆ ಅಲ್ಲಿ ಶುಲ್ಕವೇ ವರ್ಷಕ್ಕೆ 30,000 ಪೌಂಡಿನ ಆಸುಪಾಸು, ಓದು 4 ವರ್ಷ. ಅಮೆರಿಕದ ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಸಹಾಯಧನ ಹೊರದೇಶದ ಪದವಿಗೆ ಸಲ್ಲುವುದಿಲ್ಲ. ಸರ್ಕಾರದ ಸಾಲವೇನೋ ಗಡಿ ದಾಟುತ್ತದೆ. ಆದರೆ ತಂದೆತಾಯಿಯರ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ ಸಿಕ್ಕುವುದು ಹೆಚ್ಚೆಂದರೆ 5,500 ಡಾಲರು. ಪದವಿ ಮುಗಿಯುವವರೆಗೆ ಒಟ್ಟು 31,000. ತಂದೆತಾಯಿಯರು ತಮ್ಮ ಹೆಸರಿನಲ್ಲಿ ಎತ್ತುವ ಸರ್ಕಾರಿ ಸಾಲ ಬೇರೆ ಇದೆ. 2025ರ ಕಾಯಿದೆ ಹೊಸಬರ ಮಟ್ಟಿಗೆ ಅದಕ್ಕೂ 2026ರ ಜುಲೈ 1ರಿಂದ ಮಿತಿಯನ್ನು ಗೊತ್ತುಮಾಡಿತು. ಉನ್ನತ ವ್ಯಾಸಂಗದವರಿಗೆ 2006ರಿಂದ ಇದ್ದ ದೊಡ್ಡ ಸಾಲದ ಬಾಗಿಲನ್ನು ಅದೇ ದಿನದಿಂದ ಮುಚ್ಚುವಂತೆ ವಿಧಿಸಿತು. ಹಣ ಸಾಲದೆ ಬಂದವರು ಇನ್ನೆಲ್ಲಿಗೆ ಹೋಗಬೇಕು? ಖಾಸಗಿ ಸಂಸ್ಥೆಗಳ ಬಾಗಿಲಿಗೆ. ಹದಿನೆಂಟರ ಹುಡುಗಿಗೆ ವರಮಾನವೆಲ್ಲಿಯದು? ಆದ್ದರಿಂದ ಜಾಮೀನು ಬೇಕು. ತಂದೆ ರುಜು ಹಾಕುತ್ತಾನೆ.

ತೀರಿಸಲಾಗದೆ ಹೋದರೆ? ವ್ಯಾಪಾರದಲ್ಲಿ ಮುಳುಗಿದವನು, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡು ಉಂಡವನು ಅಲ್ಲಿ ದಿವಾಳಿ ನ್ಯಾಯಾಲಯದ ಮೊರೆಹೊಕ್ಕು, ಇದ್ದುದನ್ನು ಒಪ್ಪಿಸಿ, ಹೊಸದಾಗಿ ಬಾಳನ್ನು ಆರಂಭಿಸಬಹುದು. ಓದಿದವನಿಗೂ ಒಂದು ಕಾಲಕ್ಕೆ ಈ ದಾರಿ ತೆರೆದಿತ್ತು. 1976ರಲ್ಲಿ ಸರ್ಕಾರಿ ವಿದ್ಯಾಸಾಲಕ್ಕೆ ಅದನ್ನು ಮೊದಲ 5 ವರ್ಷ ಮುಚ್ಚಿದರು. 1990ರಲ್ಲಿ ಐದು ಏಳಾಯಿತು. 1998ರಲ್ಲಿ ಕಾಲಮಿತಿಯೇ ಹೋಯಿತು. 2005ರಲ್ಲಿ ಬಹುಮಟ್ಟಿನ ಖಾಸಗಿ ವಿದ್ಯಾಸಾಲಗಳಿಗೂ ಅದೇ ರಕ್ಷಣೆ ದೊರೆಯಿತು. ಕಷ್ಟ ಮಿತಿಮೀರಿದ್ದೆಂದು ನ್ಯಾಯಾಧೀಶರ ಮುಂದೆ ರುಜುವಾತು ಮಾಡಿದವರಿಗೆ ಮಾತ್ರ ಬಿಡುಗಡೆ. ಬರಿಯ ಕಷ್ಟ ಸಾಲದು.

ಸಾಲ ಕೊಟ್ಟವನ ಪಕ್ಷದಲ್ಲಿಯೂ ನ್ಯಾಯವಿದೆ. ಓದು ಮುಗಿದ ಮಾರನೆಯ ದಿನ ಎಲ್ಲ ಪದವೀಧರರ ಕೈಯೂ ಬರಿದೇ. ಅಂದೇ ದಿವಾಳಿ ಅರ್ಜಿ ಹಾಕಿ, ಸಾಲವನ್ನು ಕಳೆದುಕೊಂಡು, ವಿದ್ಯೆಯನ್ನು ಮಾತ್ರ ಉಳಿಸಿಕೊಂಡು ಹೊರಟರೆ ಮುಂದಿನವರಿಗೆ ಕೊಡುವವರಾರು? ನನ್ನ ಸ್ನೇಹಿತರ ವಾದವೂ ಇದೇ. “ನೋಡಿ, ನಾನೂ ನನ್ನ ಮಗಳೂ ಕಣ್ಣು ತೆರೆದುಕೊಂಡೇ ರುಜು ಹಾಕಿದೆವು. ಆಡಿದ ಮಾತನ್ನು ನಡೆಸದಿದ್ದರೆ ಅವಳು ಓದಿದ ನೀತಿಶಾಸ್ತ್ರಕ್ಕೆ ಏನು ಬೆಲೆ?” ಎಂದು ಕೇಳಿದರು.

ಮಾತು ನಡೆಸಬೇಕು ಎಂಬುದನ್ನು ಯಾರು ಅಲ್ಲಗಳೆದಾರು? ನನ್ನ ಸಂದೇಹವಿರುವುದು ಆ ಮಾತಿನ ಇನ್ನೊಂದು ತುದಿಯಲ್ಲಿ. ಸಾಲಪತ್ರದಲ್ಲಿ ಇಬ್ಬರಿದ್ದಾರೆ. ಕೊಂಡವನ ಧರ್ಮ ತೀರಿಸುವುದಾದರೆ ಕೊಟ್ಟವನ ಧರ್ಮ ವಿವೇಚನೆ: ಇವನಿಗೆ ಇಷ್ಟು ಕೊಡಬಹುದೆ, ಇದರಿಂದ ಇವನು ಉದ್ಧಾರವಾದಾನೆ ಎಂದು ಯೋಚಿಸುವುದು. ಆ ವಿವೇಚನೆಯನ್ನು ಎಚ್ಚರವಾಗಿರಿಸುವುದು ನಷ್ಟದ ಭಯ. ಒಂದು ಕಡೆ ದಿವಾಳಿಯ ಬಾಗಿಲು ಮುಚ್ಚಿದೆ, ಇನ್ನೊಂದು ಕಡೆ ತಂದೆಯ ರುಜು ಇದೆ ಎಂದ ಮೇಲೆ ಆ ಭಯ ಎಷ್ಟು ಉಳಿದೀತು? ಹದಿನೆಂಟರ ಹುಡುಗಿ ಮುಂದಿನ ಇಪ್ಪತ್ತು ವರ್ಷಗಳ ಭವಿಷ್ಯವನ್ನು ಸರಿಯಾಗಿ ಊಹಿಸಬೇಕು. ಅನುಭವಸ್ಥರಾದ ಲೇವಾದೇವಿಯವರು ಮಾತ್ರ ಊಹಿಸಬೇಕಾಗಿಲ್ಲ. ಈ ಏರ್ಪಾಡು ನನಗೆ ತಲೆಕೆಳಗಾಗಿ ಕಾಣುತ್ತದೆ.

ಜಾಮೀನಿನ ಮಾತೂ ಹಾಗೆಯೇ. ಅಲ್ಲಿ ಒತ್ತೆ ಬೀಳುವುದು ತಂದೆಯ ಮಮತೆ. ಸಾಲ ಮಾಡಿದ ವಿದ್ಯಾರ್ಥಿ ತೀರಿಕೊಂಡರೆ ಜಾಮೀನು ನಿಂತವನನ್ನು ಹೊಣೆಯಿಂದ ಬಿಡಬೇಕೆಂದು 2018ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು. ಅದೂ ಅನಂತರದ ಸಾಲಗಳಿಗೆ ಮಾತ್ರ. ಮಗನನ್ನು ಕಳೆದುಕೊಂಡ ತಂದೆಯಿಂದ ಕಂತು ಕೇಳಬಾರದೆಂಬುದನ್ನು ಶಾಸನ ಮಾಡಿ ಹೇಳಬೇಕಾಗಿ ಬಂದರೆ ವ್ಯವಹಾರ ಎಷ್ಟು ದೂರ ಬಂದಿರಬೇಕು!

ನಮ್ಮಲ್ಲಿ ಸಾಲವೆಂಬ ಮಾತು ಬೇರೆ, ಋಣವೆಂಬ ಮಾತು ಬೇರೆ. ಋಷಿಋಣವನ್ನು ತೀರಿಸುವ ಬಗೆ ಕಲಿತು ಕಲಿಸುವುದು ಎಂದು ಹೇಳುತ್ತಾರೆ. ನನ್ನ ಸ್ನೇಹಿತರ ಮಗಳು ಅಧ್ಯಾಪಕಿಯಾಗಬೇಕೆಂದಿದ್ದಳು. ಓದು ಮುಗಿಯಿತು, ಕಂತು ಆರಂಭವಾಯಿತು, ಮೇಷ್ಟರ ಸಂಬಳಕ್ಕೆ ಆ ಕಂತು ಎಟುಕಲಿಲ್ಲ. ಈಗ ಅವಳು ವಿಮಾ ಕಂಪನಿಯೊಂದರಲ್ಲಿದ್ದಾಳೆ. ಕೆಲಸವೇನೂ ಕೀಳಲ್ಲ. ಆದರೆ ಸಾಲವನ್ನು ತೀರಿಸುವುದಕ್ಕಾಗಿ ಅವಳು ಋಣವನ್ನು ಹಾಗೆಯೇ ಉಳಿಸಿಕೊಂಡಳು. ಸೇಂಟ್ ಆಂಡ್ರ್ಯೂಸ್‌ನಲ್ಲಿ ಅವಳ ಪಕ್ಕದಲ್ಲಿ ಕುಳಿತ ಸ್ಕಾಟಿಷ್ ಹುಡುಗನ ಬೋಧನಶುಲ್ಕವನ್ನು ಅವನ ಸರ್ಕಾರ ಕಟ್ಟುತ್ತಿತ್ತು. ಅದೇನೂ ಪುಕ್ಕಟೆಯಲ್ಲ, ತೆರಿಗೆ ಕೊಡುವವರೆಲ್ಲ ಹೊತ್ತ ಭಾರ. ಹಲವರು ಹೊತ್ತದ್ದರಿಂದ ಅದು ಯಾರ ಬೆನ್ನನ್ನೂ ಮುರಿಯಲಿಲ್ಲ.

ಪ್ರತಿಯೊಂದು ದೇಶವೂ ಪರದೇಶದಲ್ಲಿ ಓದುವವರ ಖರ್ಚನ್ನೆಲ್ಲ ಹೊರಲಿ ಎಂದು ನಾನು ಹೇಳಲಾರೆ. ಸಾಲ ಬೇಕು, ತೀರಿಸಬೇಕು. ಆದರೆ 1976ರ ನಿಯಮದಲ್ಲಿ ಒಂದು ಹದವಿತ್ತು. ಕೆಲವು ವರ್ಷ ಪ್ರಾಮಾಣಿಕವಾಗಿ ಹೆಣಗು, ಆಮೇಲೂ ಆಗದಿದ್ದರೆ ಬಾ ಎಂದು ಅದು ಹೇಳುತ್ತಿತ್ತು. ಖಾಸಗಿ ಸಾಲಕ್ಕೂ ಅಂಥದೊಂದು ಅವಧಿಯನ್ನಿಟ್ಟು ಅನಂತರ ಬಾಗಿಲು ತೆರೆದರೆ ಕೊಡುವವರೂ ಕೊಡುವ ಮುನ್ನ ಯೋಚಿಸಿಯಾರು. ಆಗ ಕೆಲವರಿಗೆ ಸಾಲ ಸಿಕ್ಕದೆ ಹೋಗಬಹುದು. ಬೆಡಗಿನ ಪದವಿ ಕೈತಪ್ಪಬಹುದು. ಆ ನಷ್ಟವನ್ನು ನಾನು ಒಪ್ಪುತ್ತೇನೆ. ನನ್ನ ಸ್ನೇಹಿತರು ಕೊನೆಯ ಡಾಲರಿನವರೆಗೆ ತೀರಿಸುತ್ತಾರೆ. ಅದು ಅವರ ದೊಡ್ಡತನ. ಆದರೆ ಆ ದೊಡ್ಡತನವನ್ನು ನೆಚ್ಚಿ ಕೊಡುವವನು ಯೋಚನೆಯನ್ನೇ ಬಿಡುವಂತಾದರೆ ಅದು ಸಾಲ ಕೊಡುವ ಧರ್ಮವಲ್ಲ.