ಸವಾರನ ತೂಕ, ಕುದುರೆಯ ಬೆನ್ನು

ನನ್ನ ತೂಕ 92 ಕಿಲೋ. ಊಟಿಯ ಕೆರೆಯ ಬಳಿ ಕುದುರೆ ಹತ್ತಿಸುವ ಹುಡುಗ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ‘ಸ್ವಲ್ಪ ಇರಿ ಸಾರ್, ದೊಡ್ಡ ಕುದುರೆ ತರ್ತೀನಿ’ ಅಂದ. ಗೆಳೆಯರು ನಕ್ಕರು, ನಾನೂ ನಕ್ಕೆ. ಅಲ್ಲಿದ್ದವರಲ್ಲಿ ಕುದುರೆಯ ಪರವಾಗಿ ಯೋಚಿಸಿದವನು ಅವನೊಬ್ಬನೇ ಎಂದು ಹೊಳೆದದ್ದು ಆಮೇಲೆ. ನನ್ನ ಪಿಎಚ್‌ಡಿ ವಿಷಯ ನೀತಿಶಾಸ್ತ್ರದಲ್ಲಿ ‘ಒಪ್ಪಿಗೆ’ ಎಂಬ ಕಲ್ಪನೆ. ಅದನ್ನು ಓದಿಕೊಂಡವನೇ ಒಪ್ಪಿಗೆ ಹೇಳಲು ಬಾಯಿಲ್ಲದ ಪ್ರಾಣಿಯ ಮೇಲೆ ಹತ್ತಿ ಕೂತಿದ್ದೆ.

ಆ ಮುಜುಗರವೇ ನನ್ನನ್ನು ದೂರದ ಓಟಗಳ ಕಡೆಗೆ ಕರೆದೊಯ್ದಿತು. ಕ್ಯಾಲಿಫೋರ್ನಿಯಾದ ಟೆವಿಸ್ ಕಪ್ 1955ರಲ್ಲಿ ಶುರುವಾದದ್ದು. ಸಿಯೆರಾ ನೆವಾಡಾ ಬೆಟ್ಟಗಳನ್ನು ದಾಟಿ, 24 ಗಂಟೆಯೊಳಗೆ 100 ಮೈಲಿ ಕ್ರಮಿಸಿ ಆಬರ್ನ್ ಸೇರಬೇಕು. ದಾರಿಯಲ್ಲಿ ಪಶುವೈದ್ಯರು ತಡೆದು ನಾಡಿ ನೋಡುತ್ತಾರೆ, ಓಡಿಸಿ ಕುಂಟುತ್ತಿದೆಯೇ ಎಂದು ನೋಡುತ್ತಾರೆ. ಅವರು ‘ಮುಂದುವರಿಯಲು ಶಕ್ತ’ ಅಂದರಷ್ಟೇ ಮುಂದಿನ ದಾರಿ.

ಅಮೆರಿಕದ ಅಶ್ವದಳದ ಹಳೆಯ ಲೆಕ್ಕದಲ್ಲಿ ಕುದುರೆ ತನ್ನ ತೂಕದ ಶೇ. 20ರಷ್ಟು ಹೊರಬಹುದು. 425 ಕಿಲೋದ ಅರಬ್ಬಿ ಕುದುರೆಯ ಮೇಲೆ 10 ಕಿಲೋದ ಜೀನಿನ ಜೊತೆ ನಾನು ಕೂತರೆ ಅದು ಶೇ. 24. ಓಹಿಯೋದಲ್ಲಿ ಎಂಟು ಕುದುರೆಗಳ ಮೇಲೆ ನಡೆದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ಭಾರ ಶೇ. 25 ಮತ್ತು 30ಕ್ಕೆ ಏರಿದಾಗ ಎದೆಬಡಿತ ಹೆಚ್ಚಿತು, ಸ್ನಾಯುಗಳು ನೋಯತೊಡಗಿದವು. ಅಂದರೆ ನಾನು ಗಡಿಯ ಮೇಲೇ ಇದ್ದೇನೆ. ಆದರೆ ಟೆವಿಸ್ ಕುದುರೆಗಳ ಮೇಲೇ 1990ರ ದಶಕದಲ್ಲಿ ನಡೆದ ಅಧ್ಯಯನ ಬೇರೆಯೇ ಹೇಳಿತು: ಓಟ ಮುಗಿಸುವುದಕ್ಕೂ ಸವಾರನ ತೂಕಕ್ಕೂ ಸಂಬಂಧ ಕಾಣಲಿಲ್ಲ, ಸೋತದ್ದು ಹೆಚ್ಚಾಗಿ ಮೈಯಲ್ಲಿ ಕೊಬ್ಬಿಲ್ಲದ ಬಡಕಲು ಕುದುರೆಗಳು.

ಓದಿ ಎಷ್ಟು ಹಗುರಾದೆ ಎಂದರೆ ನನಗೇ ಅನುಮಾನ ಬಂತು. ನನಗೆ ಅನುಕೂಲವಾದ ಸತ್ಯವನ್ನು ಇಷ್ಟು ಬೇಗ ನಂಬುತ್ತೇನೆಯೇ? ಬೆಟ್ಟದ ದಾರಿಗೆ ಇಳಿಯುವ ದಪ್ಪ ಸವಾರ ತನ್ನನ್ನು ಹೊರಬಲ್ಲ ಕುದುರೆಯನ್ನೇ ಆರಿಸಿ, ವರ್ಷಗಟ್ಟಲೆ ಪಳಗಿಸಿ ತಂದಿರುತ್ತಾನೆ. ಕಡಿದಾದ ಕಡೆ ಇಳಿದು ಪಕ್ಕದಲ್ಲಿ ತಾನೂ ಓಡುತ್ತಾನೆ. ಮೇಲಾಗಿ, ‘ಮುಗಿಸಿತು’ ಎಂಬ ಒಂದು ಪದದಲ್ಲಿ ಹೇಗೆ ಮುಗಿಸಿತು ಎಂಬುದು ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ನಿಯಮ. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಇಐನ ಹಿರಿಯರ ಚಾಂಪಿಯನ್‌ಷಿಪ್‌ಗಳಲ್ಲಿ ಸವಾರ ಮತ್ತು ಜೀನು ಸೇರಿ ಕನಿಷ್ಠ 75 ಕಿಲೋ ಇರಬೇಕು. 50 ಕಿಲೋದ ಸವಾರೆ 8 ಕಿಲೋದ ಜೀನು ಹಾಕಿದರೆ ಉಳಿದ 17 ಕಿಲೋಗೆ ಸೀಸ ತುಂಬಿಕೊಳ್ಳಬೇಕು. ಕುದುರೆ 380 ಕಿಲೋ ಇರಲಿ, 480 ಇರಲಿ, ಸವಾರೆಯ ಲೆಕ್ಕ ಅದೇ. ಸಣ್ಣಗಿರುವವರಿಗೆ ಹುಟ್ಟಿನಿಂದ ಬಂದ ಲಾಭ ಸಿಗಬಾರದು ಎಂಬುದು ಇದರ ಹಿಂದಿನ ನ್ಯಾಯ. ತೂಕ ಇಳಿಸಿಕೊಳ್ಳಲು ಸವಾರರು ಉಪವಾಸ ಬೀಳುವುದೂ ತಪ್ಪುತ್ತದೆ. ತಳ್ಳಿಹಾಕುವ ವಾದವಲ್ಲ. ಆದರೆ ಈ ಸಮಾನತೆ ಇಬ್ಬರು ಮನುಷ್ಯರ ನಡುವಿನದು, ಅದರ ಖರ್ಚು ಮಾತ್ರ ಮೂರನೆಯವರ ಬೆನ್ನಿನದು. ನನ್ನ 92 ಕಿಲೋ ಕಡೇಪಕ್ಷ ಏರಿನಲ್ಲಿ ಇಳಿದು ನಡೆಯಬಲ್ಲದು. ಜೀನಿನ ಚೀಲದಲ್ಲಿರುವ ಸೀಸ ಇಳಿಯುವುದಿಲ್ಲ.

ಟೆವಿಸ್‌ನಲ್ಲಿ ಇನ್ನೊಂದು ಬಹುಮಾನವಿದೆ, ಹ್ಯಾಗಿನ್ ಕಪ್. ಮೊದಲು ಮುಟ್ಟಿದ ಹತ್ತು ಕುದುರೆಗಳಲ್ಲಿ ಮೈ ಅತ್ಯುತ್ತಮ ಸ್ಥಿತಿಯಲ್ಲಿರುವುದಕ್ಕೆ ಅದು. ಇದು ನನಗೆ ಹಿಡಿಸಿತು. ಕುದುರೆಯ ನಾಡಿ ಬೇಗ ಇಳಿಯುವುದು, ಅದು ಮೇವಿಗೆ ಬಾಯಿ ಹಾಕುವುದು, ಇವನ್ನೇ ಒಂದು ಬಗೆಯ ಒಪ್ಪಿಗೆ ಎಂದು ಓದಬಹುದೆಂದು ಅಧ್ಯಾಯದ ಕರಡಿನಲ್ಲಿ ಬರೆದೆ.

ಗೈಡ್ ಮೇಡಂ ಆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಕೇಳಿದ್ದಾರೆ: ‘ನಾಡಿ ಇಳಿದರೆ ಒಪ್ಪಿಗೆ ಅಂತ ಬರೆದಿದ್ದೀಯ. ಬೆನ್ನು ಒತ್ತಿದಾಗ ಅದು ಅದುರಿದರೆ ನಿರಾಕರಣೆ ಅಂತ ಯಾಕೆ ಬರೆದಿಲ್ಲ?’ ಎರಡು ವಾರವಾಯಿತು. ಆ ಪುಟ ಹಾಗೇ ಮೇಜಿನ ಮೇಲಿದೆ.